ಸ್ಕ್ಲೀರೋಡರ್ಮಾ ಮತ್ತು ಗಡುಸಾಗುವ ರಕ್ತನಾಳ

ಶಿರಸಿಯಲ್ಲಿ ರೋಗಿಗಳು, ಅವರ ಮನೆಯವರು, ಆಶಾ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಸ್ವಲ್ಪ ಹಿಂದೆ ಮುಂದೆ ಮಾಡಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಕುಮಟಾ, ಅಂಕೋಲಾ ಕಡೆಯಿಂದ ದೇವಿಮನೆ ಘಟ್ಟ ಹತ್ತಿ ಬಂದವರಿಗೆ ಇನ್ನೊಂದು ನಮಸ್ಕಾರ. ಬೆರಳು ಸರಿಯಾಗಿ ಮಡಚಲು ಬಾರದವರಿಗೆ ಬಸ್ಸಿನ ಕಂಬಿ ಹಿಡಿದು ಆ ತಿರುವುಗಳಲ್ಲಿ ಬರುವುದೇ ದೊಡ್ಡ ಕೆಲಸ.

ಸಿಸ್ಟಮಿಕ್ ಸ್ಕ್ಲೀರೋಸಿಸ್ ಎಂಬ ಕಾಯಿಲೆಯನ್ನು ರೂಢಿಯಲ್ಲಿ ಸ್ಕ್ಲೀರೋಡರ್ಮಾ ಎನ್ನುತ್ತೇವೆ. ಅದರ ಮಾತು ಬಂದರೆ ಚರ್ಮದ ಸುತ್ತಲೇ ಸುತ್ತುತ್ತದೆ. ಕೈ ಬಿಗಿಯಾಯ್ತು, ಬಾಯಿ ಅಗಲ ತೆರೆಯಲು ಆಗುತ್ತಿಲ್ಲ, ಉಂಗುರ ತೆಗೆಯಲು ಬರುತ್ತಿಲ್ಲ. ಕಣ್ಣಿಗೆ ಕಾಣುವುದು ಅದೇ ಅಲ್ವಾ? ಆದರೆ ಹೆಚ್ಚಿನವರಲ್ಲಿ ಕಾಯಿಲೆಯ ಮೊದಲ ಸುಳಿವು ಚರ್ಮದ್ದಲ್ಲ, ರಕ್ತನಾಳದ್ದು. ಚಳಿ ತಾಗಿದರೆ ಬೆರಳು ಬೆಳ್ಳಗಾಗುತ್ತದೆ, ಆಮೇಲೆ ನೀಲಿಯಾಗುತ್ತದೆ, ಬಿಸಿ ತಾಗಿದ ಮೇಲೆ ಕೆಂಪಾಗುತ್ತದೆ. ಫ್ರೆಂಚ್ ವೈದ್ಯ ಮೋರಿಸ್ ರೇನಾಡ್ 1862ರಲ್ಲಿ ಇದನ್ನು ವಿವರಿಸಿದರು. ಹಾಗಾಗಿ ಅವರ ಹೆಸರೇ ಉಳಿದಿದೆ. ಡಿಸೆಂಬರ್ ರಾತ್ರಿ ಅಡಿಕೆ ಸುಲಿಯಲು ಕೂತಾಗ ಬೆರಳು ಬೆಳ್ಳಗಾಗುವುದು, ಬಂದರಿನಲ್ಲಿ ಐಸಿನಿಂದ ಮೀನು ತೆಗೆಯುವಾಗ ಬೆರಳಿನ ತುದಿ ಮರಗಟ್ಟುವುದು, ಇವನ್ನು ನಮ್ಮ ಹೆಣ್ಣುಮಕ್ಕಳು ವರ್ಷಗಟ್ಟಲೆ ಸುಮ್ನೆ ಸಹಿಸಿಕೊಳ್ಳುತ್ತಾರೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ರೇನಾಡ್ ಇದ್ದವರಿಗೆಲ್ಲ ಸ್ಕ್ಲೀರೋಡರ್ಮಾ ಬರುವುದಿಲ್ಲ. ಬಹುಪಾಲು ಜನರಲ್ಲಿ ಅದು ಅಷ್ಟಕ್ಕೇ ನಿಲ್ಲುತ್ತದೆ. ಬೆರಳು ಊದಿಕೊಂಡಿದ್ದರೆ, ತುದಿಯಲ್ಲಿ ಹುಣ್ಣಾದರೆ, ಮೂವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದರೆ ಮಾತ್ರ ತಡ ಮಾಡಬೇಡಿ.

ರಕ್ತನಾಳದ ಒಳಗೋಡೆಗೆ ಒಂದೇ ಪದರದ ಕೋಶಗಳ ಹೊದಿಕೆ ಇದೆ. ಎಂಡೋಥೀಲಿಯಂ ಎನ್ನುತ್ತಾರೆ. ಸ್ಕ್ಲೀರೋಡರ್ಮಾದಲ್ಲಿ ಇದಕ್ಕೆ ಬಹಳ ಬೇಗ ಪೆಟ್ಟು ಬೀಳುತ್ತದೆ. ಪೆಟ್ಟು ತಿಂದ ಕೋಶಗಳು ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡನ್ನು ಸಾಕಷ್ಟು ಕೊಡುವುದಿಲ್ಲ. ನಾಳವನ್ನು ಹಿಂಡುವ ಎಂಡೋಥೀಲಿನ್ ಜಾಸ್ತಿಯಾಗುತ್ತದೆ. ಜೊತೆಗೆ ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೆಯೇ ತಿರುಗಿ ಬೀಳುತ್ತದೆ, ನಾರಿನಂಥ ಕೊಲಾಜನ್ ಅತಿಯಾಗಿ ತುಂಬಿಕೊಳ್ಳುತ್ತದೆ. ಉಗುರಿನ ಬುಡದ ಸಣ್ಣ ನಾಳಗಳನ್ನು ಹಿಗ್ಗಿಸಿ ನೋಡುವ ಕ್ಯಾಪಿಲರೋಸ್ಕೋಪಿಯಲ್ಲಿ ಈ ಹಾನಿ ಕಣ್ಣಿಗೇ ಕಾಣುತ್ತದೆ. ಕೆಲವು ನಾಳಗಳು ದಪ್ಪಗೆ ಉಬ್ಬಿರುತ್ತವೆ, ಕೆಲವು ಕಡೆ ನಾಳವೇ ಇರುವುದಿಲ್ಲ.

ಇದೆಲ್ಲ ಸಣ್ಣ ನಾಳಗಳ ಕತೆ. ದೊಡ್ಡ ಅಪಧಮನಿಗಳ ಗತಿ ಏನು? ಇವತ್ತಿನ ಮಾತು ಅದರ ಬಗ್ಗೆಯೇ.

ಹೃದಯ ಒಮ್ಮೆ ಬಡಿದಾಗ ಸುಮಾರು 70 ಮಿ.ಲೀ. ರಕ್ತ ಮಹಾಪಧಮನಿಗೆ ನುಗ್ಗುತ್ತದೆ. ಆರೋಗ್ಯವಂತ ಮಹಾಪಧಮನಿ ಆಗ ಹಿಗ್ಗುತ್ತದೆ. ಹೃದಯ ವಿರಮಿಸುವಾಗ ಅದು ಮತ್ತೆ ಕುಗ್ಗಿ ಉಳಿದ ರಕ್ತವನ್ನು ಮುಂದಕ್ಕೆ ತಳ್ಳುತ್ತದೆ. ಹೀಗಾಗಿ ಬಡಿತ ಬಿಟ್ಟು ಬಿಟ್ಟು ಆದರೂ ರಕ್ತದ ಹರಿವು ನಿಲ್ಲುವುದಿಲ್ಲ. ಗೋಡೆ ಗಡುಸಾದರೆ ಹಿಗ್ಗುವುದಕ್ಕೆ ಜಾಗವಿಲ್ಲ. ಬಿಪಿಯ ಮೇಲಿನ ಅಂಕಿ ಏರುತ್ತದೆ, ಕೆಳಗಿನ ಅಂಕಿ ಇಳಿಯುತ್ತದೆ. ಪ್ರತಿ ಬಡಿತಕ್ಕೂ ಹೃದಯ ಜಾಸ್ತಿ ದುಡಿಯಬೇಕು. ಹೃದಯಕ್ಕೇ ರಕ್ತ ಕೊಡುವ ನಾಳಗಳು ಮುಖ್ಯವಾಗಿ ತುಂಬಿಕೊಳ್ಳುವುದು ಅದು ವಿರಮಿಸುವ ಹೊತ್ತಿನಲ್ಲಿ. ಆ ಹೊತ್ತಿನ ಒತ್ತಡವೇ ಕಡಿಮೆಯಾದರೆ, ಜಾಸ್ತಿ ದುಡಿಯುವ ಹೃದಯಕ್ಕೆ ಸಿಗುವ ಆಹಾರ ಕಡಿಮೆಯಾಗುತ್ತದೆ.

ಈ ಬಿಗಿತವನ್ನು ಅಳೆಯುವುದು ಹೇಗೆ? ತೋಟಕ್ಕೆ ನೀರು ಬಿಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಪಂಪ್ ಹಠಾತ್ತಾಗಿ ನಿಂತರೆ ಪೈಪಿನ ಉದ್ದಕ್ಕೂ ಒಂದು ಧಕ್ಕೆ ಓಡುತ್ತದೆ. ಮೆತ್ತನೆಯ ಪಾಲಿಥೀನ್ ಪೈಪಿನಲ್ಲಿ ಅದರ ವೇಗ ಕಡಿಮೆ, ಕಬ್ಬಿಣದ ಪೈಪಿನಲ್ಲಿ ಹಲವು ಪಟ್ಟು ಹೆಚ್ಚು. ನೀರು ಅದೇ, ಗೋಡೆ ಬೇರೆ. ಅಪಧಮನಿಯಲ್ಲೂ ನಿಯಮ ಇದೇ. ಗೋಡೆ ಗಡುಸಾದಷ್ಟೂ ನಾಡಿಯ ಅಲೆ ಬೇಗ ಓಡುತ್ತದೆ. ಮೋಯನ್ಸ್ ಮತ್ತು ಕೋರ್ಟೆವೆಗ್ ಎಂಬ ಇಬ್ಬರು ಡಚ್ಚರ ಕೆಲಸದಿಂದ 1878ರಲ್ಲಿ ಇದಕ್ಕೆ ಸೂತ್ರ ಸಿಕ್ಕಿತು. 1922ರಲ್ಲಿ ಬ್ರಾಮ್‌ವೆಲ್ ಮತ್ತು ಹಿಲ್ ಅದನ್ನು ಮನುಷ್ಯರ ಅಪಧಮನಿಯ ಅಳತೆಗೆ ಹೊಂದಿಸಿದರು. ಇಲ್ಲಿ ಒಂದು ಗೊಂದಲ ಬೇಡ. ಅಲೆಯ ವೇಗ ಬೇರೆ, ರಕ್ತ ಹರಿಯುವ ವೇಗ ಬೇರೆ. ರಕ್ತ ನಿಧಾನ ಹೋಗುತ್ತದೆ, ಒತ್ತಡದ ಅಲೆ ಅದಕ್ಕಿಂತ ಎಷ್ಟೋ ಮುಂದೆ ಓಡಿರುತ್ತದೆ.

ಕುತ್ತಿಗೆಯಲ್ಲಿ ಒಂದು ಕಡೆ, ತೊಡೆಯ ಸಂದಿನಲ್ಲಿ ಒಂದು ಕಡೆ ನಾಡಿ ಹಿಡಿಯುತ್ತಾರೆ. ಅಲೆ ಎರಡು ಕಡೆ ಎಷ್ಟು ಅಂತರದಲ್ಲಿ ಬಂತು ಎಂದು ಯಂತ್ರ ನೋಡುತ್ತದೆ. ಎರಡು ಜಾಗಗಳ ನಡುವಿನ ದೂರವನ್ನು ಟೇಪಿನಲ್ಲಿ ಅಳೆದು ಅದರ ಶೇ 80ರಷ್ಟನ್ನು ಹಿಡಿಯುತ್ತಾರೆ. ದೂರ 60 ಸೆಂ.ಮೀ. ಇದ್ದರೆ ಲೆಕ್ಕಕ್ಕೆ 48 ಸೆಂ.ಮೀ. ಅಂತರ 60 ಮಿಲಿಸೆಕೆಂಡ್ ಬಂದರೆ ವೇಗ ಸೆಕೆಂಡಿಗೆ 8 ಮೀಟರ್. ಚುಚ್ಚುವುದಿಲ್ಲ, ನೋವಿಲ್ಲ, ವಿಕಿರಣವೂ ಇಲ್ಲ. ಪಲ್ಸ್ ವೇವ್ ವೆಲಾಸಿಟಿ ಎಂದು ವರದಿಯಲ್ಲಿ ಬರೆದಿರುತ್ತದೆ. ದೊಡ್ಡ ಅಪಧಮನಿಯ ಬಿಗಿತಕ್ಕೆ ಸದ್ಯ ಎಲ್ಲರೂ ಮಾನದಂಡವಾಗಿ ಒಪ್ಪಿರುವುದು ಈ ಕುತ್ತಿಗೆ-ತೊಡೆಯ ಅಳತೆಯನ್ನೇ. ಸಾಮಾನ್ಯ ಜನರ ಮೇಲಿನ ಅಧ್ಯಯನಗಳನ್ನು ಒಟ್ಟು ಸೇರಿಸಿ 2010ರಲ್ಲಿ ಒಂದು ದೊಡ್ಡ ವಿಶ್ಲೇಷಣೆ ಬಂತು. ವೇಗ ಸೆಕೆಂಡಿಗೆ 1 ಮೀಟರ್ ಏರಿದರೆ ಹೃದಯ-ರಕ್ತನಾಳದ ಅಪಾಯ ಸುಮಾರು ಶೇ 14-15 ಏರುತ್ತದೆ ಎಂದು ಅದರಲ್ಲಿ ಕಂಡಿತು. ಹಾಗಾಗಿ ಈ ಅಂಕಿಗೆ ತೂಕವಿದೆ.

ಈಗ ನನಗೆ ಬಹಳ ಮುಖ್ಯ ಅನಿಸುವ ಜಾಗಕ್ಕೆ ಬಂದೆ. 10 ಮೀಟರ್ ದಾಟಿದರೆ ಅಪಾಯ ಎಂದು 2012ರಿಂದ ಒಂದು ಗೆರೆ ಎಳೆದಿದ್ದಾರೆ. ವರದಿಯಲ್ಲಿ 10ಕ್ಕಿಂತ ಕಡಿಮೆ ಇದ್ದರೆ ನಾರ್ಮಲ್ ಎಂದು ಬಂದುಬಿಡುತ್ತದೆ. ಆದರೆ ಈ ವೇಗ ವಯಸ್ಸಿನ ಜೊತೆ ತಾನಾಗಿಯೇ ಏರುತ್ತದೆ. ಯುರೋಪಿನ ಅಳತೆಗಳಲ್ಲಿ ಮೂವತ್ತರೊಳಗಿನವರಿಗೆ ಸುಮಾರು 6, ನಲವತ್ತರ ಆಸುಪಾಸಿನಲ್ಲಿ 7ರ ಹತ್ತಿರ, ಅರವತ್ತು ದಾಟಿದವರಿಗೆ ಸುಮಾರು 10. ಸ್ಕ್ಲೀರೋಡರ್ಮಾ ಬರುವುದು ಗಂಡಸರಿಗಿಂತ ಹೆಂಗಸರಿಗೆ ಎಷ್ಟೋ ಪಟ್ಟು ಜಾಸ್ತಿ, ಅದೂ ಹೆಚ್ಚಾಗಿ ಮೂವತ್ತರಿಂದ ಐವತ್ತರ ವಯಸ್ಸಿನಲ್ಲಿ. ಹೊನ್ನಾವರದ 38 ವರ್ಷದ ಒಬ್ಬ ಹೆಣ್ಣುಮಗಳಿಗೆ 9 ಬಂತು ಎಂದಿಟ್ಟುಕೊಳ್ಳಿ. ಕಾಗದದ ಮೇಲೆ ನಾರ್ಮಲ್. ಅವಳ ವಯಸ್ಸಿಗೆ ಅದು ಖಂಡಿತ ಜಾಸ್ತಿ. ಆ ನಾರ್ಮಲ್ ಎಂಬ ಶಬ್ದ ನೋಡಿ ಫೈಲು ಮುಚ್ಚಿದರೆ ಅಳೆದದ್ದೇ ದಂಡ. ವಯಸ್ಸಿಗೆ ಹೋಲಿಸಿ ನೋಡಿ ಎಂದು ನೀವೇ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಎರಡನೆಯ ತೊಡಕು ಬಿಪಿ. ಒತ್ತಡ ಏರಿದಾಗ ಅಪಧಮನಿಯ ಗೋಡೆ ಬಿಗಿದುಕೊಳ್ಳುತ್ತದೆ, ಅಲೆಯೂ ಬೇಗ ಓಡುತ್ತದೆ. ಘಟ್ಟ ಹತ್ತಿ, ಆಸ್ಪತ್ರೆಯ ಸಾಲಿನಲ್ಲಿ ನಿಂತು, ಗಾಬರಿಯಲ್ಲಿ ಒಳಗೆ ಬಂದವರ ಅಂಕಿ ಮೇಲೆಯೇ ಇರುತ್ತದೆ. ಅದಕ್ಕೇ ನಿಯಮಗಳಿವೆ. ಸುಮಾರು 22 ಡಿಗ್ರಿ ಇರುವ ಶಾಂತವಾದ ಕೋಣೆಯಲ್ಲಿ ಕನಿಷ್ಠ 10 ನಿಮಿಷ ಮಲಗಿರಬೇಕು. ಮೂರು ಗಂಟೆ ಮೊದಲಿನಿಂದ ಊಟ, ಚಹಾ, ಕಾಫಿ, ತಂಬಾಕು ಬೇಡ. ಅಳೆಯುವಾಗ ಮಾತಾಡಬಾರದು, ನಿದ್ದೆ ಮಾಡಬಾರದು. ಆ ಹೊತ್ತಿನ ಬಿಪಿಯನ್ನು ಪಕ್ಕದಲ್ಲೇ ಬರೆದಿಡಬೇಕು. ಬಿಪಿ ಇಲ್ಲದ ಪಲ್ಸ್ ವೇವ್ ವರದಿಯನ್ನು ನಾನು ಅರ್ಧ ವರದಿ ಎಂದೇ ತಿಳಿಯುತ್ತೇನೆ. ರೇನಾಡ್‌ಗೆ ನಿಫೆಡಿಪಿನ್ ಅಥವಾ ಅಮ್ಲೋಡಿಪಿನ್ ತೆಗೆದುಕೊಳ್ಳುವವರು ಬಹಳ ಜನ ಇದ್ದೀರಿ. ಅವು ಬಿಪಿಯನ್ನೂ ಇಳಿಸುತ್ತವೆ. ಗುಳಿಗೆ ಎಷ್ಟು ಹೊತ್ತಿಗೆ ನುಂಗಿದ್ದು ಎನ್ನುವುದೂ ಬರೆಯಬೇಕಾದ ಸಂಗತಿ. ಪರೀಕ್ಷೆ ಇದೆ ಎಂದು ಗುಳಿಗೆ ಬಿಡಬೇಡಿ.

ಸ್ಕ್ಲೀರೋಡರ್ಮಾ ಇರುವವರಿಗೇ ಬರುವ ತೊಡಕುಗಳು ಬೇರೆ ಇವೆ. ಮಣಿಕಟ್ಟಿನ ನಾಡಿಯ ಮೇಲೆ ಪೆನ್ನಿನಂಥ ಸೆನ್ಸರ್ ಒತ್ತಿ ಅಲೆಯ ಆಕಾರ ನೋಡುವ ವಿಧಾನವೊಂದಿದೆ. ದೇಹದ ಕೆಳಭಾಗದಿಂದ ತಿರುಗಿ ಬರುವ ಅಲೆ ಮೂಲ ಅಲೆಗೆ ಎಷ್ಟು ಸೇರಿಕೊಳ್ಳುತ್ತದೆ ಎನ್ನುವುದನ್ನು ಆಗ್ಮೆಂಟೇಶನ್ ಇಂಡೆಕ್ಸ್ ಎಂಬ ಅಂಕಿ ಹೇಳುತ್ತದೆ. ಮಣಿಕಟ್ಟಿನ ಚರ್ಮ ದಪ್ಪವಾಗಿ, ಕೈ ಮಡಚಿಕೊಂಡಿದ್ದರೆ ಆ ಸೆನ್ಸರಿಗೆ ನಾಡಿ ಚೆನ್ನಾಗಿ ಸಿಗುವುದಿಲ್ಲ. ಬೆರಳಿನ ತುದಿಗೆ ಕ್ಲಿಪ್ ಹಾಕಿ ಅಳೆಯುವ ಯಂತ್ರಗಳ ಪಾಡು ಇನ್ನೂ ಕಷ್ಟ. ರೇನಾಡ್‌ನಿಂದ ತಣ್ಣಗಾದ ಬೆರಳಿನಲ್ಲಿ ನಾಡಿಯೇ ಕ್ಷೀಣ. ಆಮ್ಲಜನಕ ನೋಡುವ ಪಲ್ಸ್ ಆಕ್ಸಿಮೀಟರ್ ಕೂಡ ಇದೇ ಕಾರಣಕ್ಕೆ ಇವರಲ್ಲಿ ತಪ್ಪು ಅಂಕಿ ತೋರಿಸುತ್ತದೆ. ಕಿವಿಯ ಹಾಲೆಗೋ ಹಣೆಗೋ ಹಾಕುವ ಸೆನ್ಸರ್ ಕೇಳಬೇಕು. ಕೋವಿಡ್ ಕಾಲದಲ್ಲಿ ಮನೆಮನೆಗೆ ಆ ಯಂತ್ರ ಬಂತಲ್ಲ, ಈಗಲೂ ಅದನ್ನು ನೋಡಿ ಹೆದರುವವರು ಇದ್ದಾರೆ. ಮೊದಲು ಕೈ ಬೆಚ್ಚಗೆ ಮಾಡಿಕೊಳ್ಳಿ, ಆಮೇಲೆ ನೋಡಿ.

ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು ಕೇಳಿದರು. ಮಗಳ ಪಲ್ಸ್ ವೇವ್ ಒಂದು ಊರಿನಲ್ಲಿ 8 ಎಂದರು, ಇನ್ನೊಂದು ಊರಿನಲ್ಲಿ 13 ಎಂದರು, ಆರು ತಿಂಗಳಲ್ಲಿ ಇಷ್ಟು ಹಾಳಾಯಿತೇ? ಅವರ ಕಾಗದ ತೆಗೆದು ನೋಡಿದೆ. ಎರಡನೆಯದು ತೋಳು ಮತ್ತು ಕಾಲಿನ ಗಂಟಿಗೆ ಪಟ್ಟಿ ಕಟ್ಟಿ ಅಳೆದದ್ದು. ಜಪಾನಿನಲ್ಲಿ ಬಹಳ ಬಳಕೆಯಲ್ಲಿರುವ ವಿಧಾನ ಅದು, ಸುಲಭವೂ ಹೌದು. ಆದರೆ ಅದರಲ್ಲಿ ಕಾಲಿನ ನಾಳಗಳೂ ಸೇರುತ್ತವೆ. ಹಾಗಾಗಿ ಅಂಕಿ ಯಾವಾಗಲೂ ಮೇಲೆಯೇ ಇರುತ್ತದೆ. ಅಲ್ಲಿಯ 13 ಹೆದರುವಂಥದ್ದಲ್ಲ. ಎರಡು ವಿಧಾನಗಳ ಅಂಕಿಯನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲೇಬಾರದು. ಆ ತಾಯಿ ಆರು ತಿಂಗಳ ಆತಂಕ ಹೊತ್ತು ಬಂದಿದ್ದರು. ವರದಿ ಕೊಡುವಾಗ ಎರಡು ಮಾತು ಬಿಡಿಸಿ ಹೇಳಿದ್ದರೆ ಅದು ಬೇಕಿರಲಿಲ್ಲ.

ಹಾಗಾದರೆ ಸ್ಕ್ಲೀರೋಡರ್ಮಾದಲ್ಲಿ ದೊಡ್ಡ ಅಪಧಮನಿ ನಿಜವಾಗಿಯೂ ಗಡುಸಾಗುತ್ತದೆಯೇ? ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ, ಕಾಯಿಲೆ ಇಲ್ಲದ ಅದೇ ವಯಸ್ಸಿನವರಿಗಿಂತ ಸರಾಸರಿ ಬಿಗಿತ ಜಾಸ್ತಿ. ಒಂದೊಂದಾಗಿ ನೋಡಿದರೆ ಎಲ್ಲವೂ ಒಂದೇ ಮಾತು ಹೇಳುವುದಿಲ್ಲ. ಹೆಚ್ಚಿನವು ಸಣ್ಣ ಅಧ್ಯಯನಗಳು. ಒಮ್ಮೆ ಅಳೆದು ಬಿಟ್ಟವು. ಹತ್ತು ವರ್ಷ ಅದೇ ಜನರನ್ನು ಹಿಂಬಾಲಿಸಿ ನೋಡುವ ಕೆಲಸ ಇನ್ನೂ ಸಾಕಷ್ಟು ಆಗಿಲ್ಲ. ಈ ಅಂಕಿಯನ್ನು ಇಳಿಸಲೆಂದೇ ಸ್ಕ್ಲೀರೋಡರ್ಮಾದವರಿಗೆ ಕೊಡುವ ಔಷಧಿಯೂ ಇಲ್ಲ. ವರ್ಷವರ್ಷ ಮಾಡಲೇಬೇಕಾದ ಪರೀಕ್ಷೆಗಳ ಪಟ್ಟಿಯಲ್ಲಿ ಪಲ್ಸ್ ವೇವ್ ಇಲ್ಲದಿರುವುದಕ್ಕೆ ಕಾರಣ ಇದು. ಅವಕಾಶ ಇದ್ದವರು ಮಾಡಿಸಿ, ಅದರಿಂದ ಉಪಯೋಗವಿದೆ. ಆದರೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ, ಬಿಟ್ಟು ಇದನ್ನು ಮಾಡಿಸಬೇಡಿ.

ಎಕೋದ ಮಾತು ಬಂತು. ಇಲ್ಲಿ ಬಹಳ ಜನ ಎರಡು ವಿಷಯ ಕಲಸಿಕೊಳ್ಳುತ್ತಾರೆ. ಸ್ಕ್ಲೀರೋಡರ್ಮಾದಲ್ಲಿ ಜೀವಕ್ಕೆ ಎರವಾಗುವ ಒಂದು ತೊಂದರೆ ಶ್ವಾಸಕೋಶದ ಅಪಧಮನಿಯ ಒತ್ತಡ ಏರುವುದು. ಪಲ್ಮನರಿ ಹೈಪರ್‌ಟೆನ್ಷನ್ ಎನ್ನುತ್ತಾರೆ. ಕುತ್ತಿಗೆಯಲ್ಲಿ, ತೊಡೆಯಲ್ಲಿ ಅಳೆಯುವ ವೇಗ ಅದನ್ನು ತೋರಿಸುವುದಿಲ್ಲ. ತೋಳಿನ ಬಿಪಿಯೂ ತೋರಿಸುವುದಿಲ್ಲ. ಅದಕ್ಕೆ ವರ್ಷಕ್ಕೊಮ್ಮೆ ಎಕೋ ಮತ್ತು ಶ್ವಾಸಕೋಶದ ಅನಿಲ ವಿನಿಮಯ ನೋಡುವ ಡಿಎಲ್‌ಸಿಒ ಪರೀಕ್ಷೆ ಬೇಕು. ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು ಬಂದರೆ ವರ್ಷ ತುಂಬುವವರೆಗೆ ಕಾಯಬೇಡಿ.

ನಮ್ಮ ಜಿಲ್ಲೆಯ ಪರಿಸ್ಥಿತಿ ನಿಮಗೆಲ್ಲ ಗೊತ್ತು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಜನ ಎಷ್ಟು ವರ್ಷದಿಂದ ಕೂಗುತ್ತಿದ್ದಾರೆ. ಕಾರವಾರದವರು ಗೋವಾಕ್ಕೆ, ಭಟ್ಕಳ-ಹೊನ್ನಾವರದವರು ಮಣಿಪಾಲ, ಮಂಗಳೂರಿಗೆ, ಶಿರಸಿಯವರು ಸುಮಾರು 100 ಕಿ.ಮೀ. ದೂರದ ಹುಬ್ಬಳ್ಳಿಗೆ. ಬೆರಳಿನ ತುದಿಯಲ್ಲಿ ಹುಣ್ಣಿಟ್ಟುಕೊಂಡು ಈ ಓಡಾಟ ಮಾಡುವವರ ಪಾಡು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮೂಳೆ-ಕೀಲು-ಸಂಧಿವಾತ ಎಂದು ಒಟ್ಟಾರೆ ನೋಡುವವರು ಸಿಗುತ್ತಾರೆ, ಇಂಥ ಕಾಯಿಲೆಗಳ ತಜ್ಞರಾದ ರುಮಟಾಲಜಿಸ್ಟ್ ಸಿಗುವುದು ಕಷ್ಟ. ಇಂಥಲ್ಲಿ ಪಲ್ಸ್ ವೇವ್ ಯಂತ್ರದ ಆಸೆಗಿಂತ ಮೊದಲು ಬೇಕಾದದ್ದು ಮನೆಯಲ್ಲಿ ಒಂದು ಒಳ್ಳೆಯ ಬಿಪಿ ಯಂತ್ರ. ತೋಳಿಗೆ ಕಟ್ಟುವಂಥದ್ದು, ಮಣಿಕಟ್ಟಿನದಲ್ಲ. ಪಟ್ಟಿ ತೋಳಿನ ಸುತ್ತಳತೆಗೆ ಸರಿಹೊಂದಬೇಕು. ಮೊದಲ ಸಲ ಎರಡೂ ತೋಳು ನೋಡಿ, ಜಾಸ್ತಿ ಬಂದ ತೋಳಿನಲ್ಲೇ ಮುಂದುವರಿಯಿರಿ.

ಆ ಯಂತ್ರದಿಂದ ಎರಡು ಕೆಲಸ ಆಗುತ್ತದೆ. ಒಂದು, ಬಿಗಿತದ ಒರಟು ಅಂದಾಜು. ಮೇಲಿನ ಅಂಕಿಯಿಂದ ಕೆಳಗಿನದನ್ನು ಕಳೆಯಿರಿ. 120/80 ಇದ್ದರೆ 40. ವಯಸ್ಸಾದವರಲ್ಲಿ ಈ ವ್ಯತ್ಯಾಸ ಸದಾ 60 ದಾಟುತ್ತಿದ್ದರೆ ದೊಡ್ಡ ಅಪಧಮನಿ ಗಡುಸಾಗಿದೆ ಎಂದು ಅನುಮಾನ ಪಡಬಹುದು. ಚಿಕ್ಕ ವಯಸ್ಸಿನವರಲ್ಲಿ ಆರಂಭದ ಬಿಗಿತ ಇದರಲ್ಲಿ ಸಿಗುವುದಿಲ್ಲ. ಎರಡನೆಯ ಕೆಲಸ ಇದಕ್ಕಿಂತ ದೊಡ್ಡದು. ಅದು ಜೀವ ಉಳಿಸುವಂಥದ್ದು.

ಸ್ಕ್ಲೀರೋಡರ್ಮಾದಲ್ಲಿ ಕಿಡ್ನಿಗೆ ಹಠಾತ್ತಾಗಿ ಪೆಟ್ಟು ಬೀಳಬಹುದು. ರೀನಲ್ ಕ್ರೈಸಿಸ್ ಎನ್ನುತ್ತಾರೆ. ಚರ್ಮದ ಬಿಗಿತ ತೋಳು, ಎದೆ, ಹೊಟ್ಟೆಗೂ ಹಬ್ಬಿರುವವರಲ್ಲಿ, ಅದರಲ್ಲೂ ಕಾಯಿಲೆಯ ಮೊದಲ ನಾಲ್ಕೈದು ವರ್ಷಗಳಲ್ಲಿ ಇದರ ಭಯ ಜಾಸ್ತಿ. ದಿನಕ್ಕೆ 15 ಮಿ.ಗ್ರಾಂ.ಗಿಂತ ಹೆಚ್ಚು ಪ್ರೆಡ್ನಿಸೋಲೋನ್ ಎಂಬ ಸ್ಟೆರಾಯ್ಡ್ ತೆಗೆದುಕೊಳ್ಳುವವರಲ್ಲೂ ಅಪಾಯ ಏರುತ್ತದೆ. ಬಿಪಿ ಕೆಲವೇ ದಿನಗಳಲ್ಲಿ ಮೇಲೆ ಹೋಗುತ್ತದೆ. ತಲೆನೋವು, ಕಣ್ಣು ಮಂಜಾಗುವುದು, ಉಸಿರು ಕಟ್ಟುವುದು ಜೊತೆಗೆ ಬರಬಹುದು. ಬಿಪಿ ಇಳಿಸುವ ಕ್ಯಾಪ್ಟೊಪ್ರಿಲ್‌ನಂಥ ಎಸಿಇ ಔಷಧಿಗಳು ಬರುವ ಮೊದಲು ಇದು ಹೆಚ್ಚುಕಡಿಮೆ ಮರಣ ಶಾಸನವಾಗಿತ್ತು. 1990ರ ಒಂದು ಹೆಸರಾಂತ ಅಧ್ಯಯನದಲ್ಲಿ ಆ ಔಷಧಿ ಸಿಗದವರಲ್ಲಿ ಒಂದು ವರ್ಷ ಬದುಕಿದವರು ಶೇ 15, ಸಿಕ್ಕವರಲ್ಲಿ ಶೇ 76. ವ್ಯತ್ಯಾಸ ನೋಡಿ. ಆದರೆ ಔಷಧಿ ಬೇಗ ಶುರುವಾಗಬೇಕು, ಬೇಗ ಗೊತ್ತಾಗಬೇಕು.

ಇಲ್ಲಿ ಆಶಾ ಕಾರ್ಯಕರ್ತೆಯರು ಗಮನವಿಟ್ಟು ಕೇಳಿ. ಯಾವಾಗಲೂ 100/60 ಇರುವ ಹೆಣ್ಣುಮಗಳಿಗೆ ಒಂದು ದಿನ 134/84 ಬಂತು. ಯಾರೇ ನೋಡಿದರೂ ಪರವಾಗಿಲ್ಲ ಎನ್ನುತ್ತಾರೆ. ಅವಳಿಗೆ ಅದು 30ಕ್ಕಿಂತ ಜಾಸ್ತಿ ಏರಿಕೆ. ಸ್ಕ್ಲೀರೋಡರ್ಮಾ ಇದ್ದು, ಮೇಲಿನ ಅಂಕಿ ತನ್ನ ಮಾಮೂಲಿಗಿಂತ 30 ಅಥವಾ ಕೆಳಗಿನದು 20 ಏರಿದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ, ಮೂತ್ರ ಪರೀಕ್ಷೆ ಮಾಡಿಸಬೇಕು. ಆದರೆ ಮಾಮೂಲಿ ಎಷ್ಟು ಎಂದು ಬರೆದಿಟ್ಟವರಿಗೆ ಮಾತ್ರ ಏರಿಕೆ ಗೊತ್ತಾಗುತ್ತದೆ. ಮಗ್ಗಿ ಪುಸ್ತಕವೋ ಹಳೆಯ ಡೈರಿಯೋ ಏನಾದರೂ ಸರಿ, ವಾರಕ್ಕೆ ಎರಡು ಮೂರು ದಿನ ಬೆಳಗ್ಗೆ ಒಂದೇ ಹೊತ್ತಿಗೆ ನೋಡಿ ಬರೆಯಿರಿ. ಮುನ್ನೆಚ್ಚರಿಕೆ ಎಂದು ಎಸಿಇ ಗುಳಿಗೆಯನ್ನು ಮೊದಲೇ ನುಂಗುವುದು ಮಾತ್ರ ಬೇಡ. ಅದರಿಂದ ಕ್ರೈಸಿಸ್ ತಪ್ಪುತ್ತದೆ ಎಂದು ಸಾಬೀತಾಗಿಲ್ಲ. ಇನ್ನೊಂದು ವಿಷಯ. ಬಿಪಿಗೆ ಎಂದು ಬೇರೆ ವೈದ್ಯರ ಹತ್ತಿರ ಹೋದಾಗ ರೇನಾಡ್ ಇದೆ ಎಂದು ಹೇಳಲೇಬೇಕು. ಬೀಟಾ ಬ್ಲಾಕರ್ ಎಂಬ ಬಿಪಿ ಗುಳಿಗೆಗಳಲ್ಲಿ ಕೆಲವು ಬೆರಳನ್ನು ಇನ್ನಷ್ಟು ಬೆಳ್ಳಗೆ ಮಾಡುತ್ತವೆ.

ಕವಳದ, ಅಂದರೆ ಎಲೆ-ಅಡಿಕೆಯ, ಬಗ್ಗೆ ಕೇಳಿದ್ದಾರೆ. ಅಡಿಕೆಯ ಊರಿನಲ್ಲಿ ನಿಂತು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಕವಳದಲ್ಲಿ ತಂಬಾಕು ಇದ್ದರೆ ನಿಕೋಟಿನ್ ನಾಳಗಳನ್ನು ಹಿಂಡುತ್ತದೆ. ರೇನಾಡ್ ಇರುವವರಿಗೆ ಅದು ಎರಡು ಪಟ್ಟು ಕೆಟ್ಟದ್ದು. ತಂಬಾಕು ಇಲ್ಲದ ಅಡಿಕೆಯೂ ಬಾಯಿಯ ಒಳಪದರವನ್ನು ಗಡುಸಾಗಿಸಿ ಬಾಯಿ ತೆರೆಯುವುದನ್ನು ಕಡಿಮೆ ಮಾಡುತ್ತದೆ. ಬಾಯಿ ಚಿಕ್ಕದಾಗುತ್ತಿರುವುದು ಸ್ಕ್ಲೀರೋಡರ್ಮಾದಿಂದಲೋ ಅಡಿಕೆಯಿಂದಲೋ ಎಂದು ವೈದ್ಯರು ಒಳಗೆ ನೋಡಿಯೇ ಹೇಳಬೇಕಾಗುತ್ತದೆ. ಬಿಡಿ ಎಂದೇ ನನ್ನ ಸಲಹೆ. ಉಪ್ಪಿನ ವಿಷಯ ಬೇರೆ ಹೇಳಬೇಕಿಲ್ಲ. ಒಣಮೀನು, ಅಪ್ಪೆಮಿಡಿ ಉಪ್ಪಿನಕಾಯಿ ಎರಡೂ ನಮ್ಮ ಪ್ರೀತಿಯವು. ಬಿಪಿ ಏರುತ್ತಿರುವವರು ದಿನವೂ ತಿನ್ನುವುದು ಬೇಡ.

ಸ್ಮಾರ್ಟ್ ವಾಚ್ ಸಾಕಲ್ವಾ ಎಂದು ಕಾಲೇಜಿನ ಹುಡುಗನೊಬ್ಬ ಕೇಳಿದ. ಅವನ ಅಮ್ಮನಿಗೆ ಈ ಕಾಯಿಲೆ. ಮಣಿಕಟ್ಟಿನ ಚರ್ಮದ ಕೆಳಗಿನ ಸಣ್ಣ ನಾಳಗಳ ಮೇಲೆ ಬೆಳಕು ಬಿಟ್ಟು ವಾಚು ನಾಡಿ ನೋಡುತ್ತದೆ. ಇವರಲ್ಲಿ ಕೆಟ್ಟಿರುವುದೇ ಆ ನಾಳಗಳು, ಚರ್ಮವೂ ದಪ್ಪ. ಅದರ ಬಿಗಿತದ ಅಂಕಿಯನ್ನು ನಂಬಿ ಔಷಧಿ ಬದಲಿಸುವಂತಿಲ್ಲ. ದಿನಕ್ಕೆ ಎಷ್ಟು ನಡೆದರು ಎಂದು ನೋಡಲು ಧಾರಾಳವಾಗಿ ಬಳಸಲಿ. ನಿತ್ಯದ ನಡಿಗೆಯಿಂದ ಅಪಧಮನಿಯ ಬಿಗಿತ ಕಡಿಮೆಯಾಗುವುದು ಸಾಮಾನ್ಯ ಜನರಲ್ಲಿ ಕಂಡಿದೆ. ಕೈಗವಸು ಹಾಕಿಕೊಂಡು, ಬಿಸಿಲೇರಿದ ಮೇಲೆ ನಡೆಯಲಿ ಅಷ್ಟೇ.

ಕೊನೆಗೆ ಬಂದ ಪ್ರಶ್ನೆ, ಪಲ್ಸ್ ವೇವ್ ಮಾಡಿಸುವುದಾದರೆ ಎಷ್ಟು ದಿನಕ್ಕೊಮ್ಮೆ? ವರ್ಷಕ್ಕೊಮ್ಮೆ ಸಾಕು. ಎಕೋಗೆ ಹೋಗುವ ದಿನವೇ ಮಾಡಿಸಿ, ಒಂದು ಪ್ರಯಾಣ ಉಳಿಯುತ್ತದೆ. ಪ್ರತಿ ಸಲವೂ ಅದೇ ಜಾಗ, ಅದೇ ವಿಧಾನ ಇರಲಿ. ಚಳಿಗಾಲದಲ್ಲಿ ಬಿಪಿ ತುಸು ಮೇಲೆ ಇರುತ್ತದೆ, ಬೆರಳೂ ಕಾಡುತ್ತದೆ. ಆದ್ದರಿಂದ ಅಡಿಕೆ ಕೊಯ್ಲು ಮುಗಿದು, ಫೆಬ್ರವರಿ ಕಳೆದ ಮೇಲೆ ಹೋಗಿ, ಮುಂದಿನ ವರ್ಷವೂ ಅದೇ ತಿಂಗಳಿಗೆ ಹೋಗಿ. ಬಿಪಿ ಬರೆದ ಪುಸ್ತಕ ಮತ್ತು ಹಿಂದಿನ ವರ್ಷದ ವರದಿಯನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ.